ಭಾರ ಎತ್ತಿದ ಇಬ್ಬರು

ಕ್ಯಾಲಿಫೋರ್ನಿಯಾದ ಉತ್ತರದ ತುದಿಯಲ್ಲಿ, ಆರೆಗನ್ ರಾಜ್ಯದ ಗಡಿಗೆ ಹತ್ತಿರ, ಟ್ಯೂಲ್ ಲೇಕ್ ಎಂಬ ಊರಿದೆ. ಹೆಸರಿನಲ್ಲಿ ಸರೋವರವಿದ್ದರೂ ಅದರ ಬಹುಭಾಗವನ್ನು ಬೇಸಾಯಕ್ಕಾಗಿ ಬತ್ತಿಸಿ ಆಗಲೇ ದಶಕಗಳಾಗಿದ್ದವು. 1942ರಲ್ಲಿ ಅಲ್ಲಿದ್ದದ್ದು ಒಣ ಬಯಲು, ಧೂಳು, ಸಾಲುಸಾಲು ಹಲಗೆ ಮನೆಗಳು, ಮುಳ್ಳುತಂತಿ ಮತ್ತು ಕಾವಲು ಗೋಪುರಗಳು. ಆ ಹಲಗೆ ಮನೆಗಳಲ್ಲೊಂದಕ್ಕೆ ಸ್ಯಾಕ್ರಮೆಂಟೊ ನಗರದ ಕುಟುಂಬವೊಂದು ಬಂದಿಳಿಯಿತು. ಕಿರಿಯ ಮಗನ ಹೆಸರು ತಮಿಯೊ ಕೋನೊ. ಮುಂದೆ ಲೋಕ ಅವನನ್ನು ಟಾಮಿ ಕೋನೊ ಎಂದು ಕರೆಯಿತು. ಆಗ ಅವನಿಗೆ ಹನ್ನೆರಡು ವರ್ಷ. ಕಡ್ಡಿಯಂಥ ಮೈ, ಬಿಡದೆ ಕಾಡುವ ಉಬ್ಬಸ, ಹಾಸಿಗೆ ಹಿಡಿದೇ ಎಷ್ಟೋ ದಿನ ಶಾಲೆ ತಪ್ಪಿಸಿಕೊಂಡ ಹುಡುಗ.

ಅವನು ಮಾಡಿದ ಅಪರಾಧವೇನೂ ಇರಲಿಲ್ಲ. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದವು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಆದೇಶಕ್ಕೆ ಸಹಿ ಹಾಕಿದ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ತೋಟ ಬಿಡಿಸಿ ಒಳನಾಡಿನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ, ಆ ದೇಶದ ಪ್ರಜೆಗಳು. ಕೋನೊ ಕೂಡ ಅಷ್ಟೆ. ಅವನ ತಂದೆತಾಯಿ ಮಾತ್ರ ಪ್ರಜೆಗಳಾಗಿರಲಿಲ್ಲ. ಜಪಾನಿನಿಂದ ವಲಸೆ ಬಂದವರು ಎಷ್ಟು ವರ್ಷ ಬಾಳಿದರೂ ಪೌರತ್ವ ಪಡೆಯುವಂತಿಲ್ಲ ಎಂಬುದು ಆಗಿನ ಕಾನೂನು.

ಈ ಹೊತ್ತಿನ ಲೋಕದ ನಕ್ಷೆಯನ್ನು ಒಮ್ಮೆ ನೋಡೋಣ. ಜಪಾನ್, ಜರ್ಮನಿ, ಇಟಲಿ 1940ರ ಸೆಪ್ಟೆಂಬರಿನ ಒಪ್ಪಂದದಿಂದ ಒಂದು ಕಡೆ. ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಇನ್ನೊಂದು ಕಡೆ. ಆದರೆ ಈ ಎರಡನೆಯ ಗುಂಪೇ ನೆನ್ನೆ ಮೊನ್ನೆ ಹುಟ್ಟಿದ್ದು. 1939ರ ಆಗಸ್ಟಿನಲ್ಲಿ ಹಿಟ್ಲರನ ಜೊತೆ ಕೈಕುಲುಕಿದ್ದ ಸ್ಟಾಲಿನ್, 1941ರ ಜೂನಿನಲ್ಲಿ ಅದೇ ಹಿಟ್ಲರನ ದಾಳಿಗೆ ಸಿಕ್ಕು ಅಮೆರಿಕದ ಮಿತ್ರನಾಗಿದ್ದ. ಇಷ್ಟಾದರೂ ಅದೇ ಸ್ಟಾಲಿನ್ ಮತ್ತು ಜಪಾನಿನ ನಡುವೆ 1941ರ ಏಪ್ರಿಲಿನ ತಟಸ್ಥ ಒಪ್ಪಂದವೊಂದು ಜೀವಂತವಾಗಿತ್ತು. ಅಮೆರಿಕದ ಸರಕು ತುಂಬಿದ ಹಡಗುಗಳು ಸೋವಿಯತ್ ಬಾವುಟ ಹಾರಿಸಿಕೊಂಡು, ಜಪಾನಿನ ಕಣ್ಣೆದುರೇ, ವ್ಲಾಡಿವೋಸ್ಟಾಕ್ ಬಂದರಿಗೆ ಹೋಗುತ್ತಿದ್ದವು. ದೊಡ್ಡವರ ನಂಟಿನಲ್ಲಿ ಇಷ್ಟೆಲ್ಲ ಸಡಿಲ ಇತ್ತು. ಸ್ಯಾಕ್ರಮೆಂಟೊದ ಉಬ್ಬಸದ ಹುಡುಗನಿಗೆ ಮಾತ್ರ ಯಾವ ಸಡಿಲವೂ ಇರಲಿಲ್ಲ.

ಟ್ಯೂಲ್ ಲೇಕಿನ ಒಣ ಹವೆ ಕೋನೊನ ಉಬ್ಬಸಕ್ಕೆ ಒಗ್ಗಿತು. ನೆರೆಯ ಹಲಗೆ ಮನೆಗಳ ಹುಡುಗರು ಭಾರ ಎತ್ತುತ್ತಿದ್ದರು. ಹದಿನಾಲ್ಕರ ಆಸುಪಾಸಿನಲ್ಲಿ ಅವನೂ ಅವರ ಜೊತೆ ಸೇರಿದ. ಮೈ ಸರಿಯಿಲ್ಲದ ಮಗ ಕಬ್ಬಿಣ ಎತ್ತುವುದು ಹೆತ್ತವರಿಗೆ ಹಿಡಿಸಲಿಕ್ಕಿಲ್ಲ ಎಂದು ಶುರುವಿನಲ್ಲಿ ಗುಟ್ಟಾಗಿಯೇ ಅಭ್ಯಾಸ ನಡೆಯಿತು.

ಭಾರ ಎತ್ತುವ ಸಾಧನೆಯ ಒಳಗುಟ್ಟು ಬಹಳ ಸರಳ. ಇಂದು ಎತ್ತಬಲ್ಲುದಕ್ಕಿಂತ ಚೂರೇ ಚೂರು ಹೆಚ್ಚು ಎತ್ತಬೇಕು. ಸ್ನಾಯು ದಣಿಯುತ್ತದೆ. ಉಂಡು, ಮಲಗಿ, ಎರಡು ದಿನ ಬಿಟ್ಟು ಬಂದರೆ ಅದೇ ಸ್ನಾಯು ಮೊದಲಿಗಿಂತ ಒಂದು ಎಳೆ ಗಟ್ಟಿಯಾಗಿರುತ್ತದೆ. ಶಕ್ತಿ ಬೆಳೆಯುವುದು ಎತ್ತುವಾಗಲ್ಲ, ಎತ್ತಿದ ಮೇಲಿನ ವಿಶ್ರಾಂತಿಯಲ್ಲಿ. ಹಾಗಾಗಿ ಇದು ಆವೇಶದ ಕೆಲಸವಲ್ಲ, ಕಾಯುವ ಕೆಲಸ. ಯಾವಾಗ ಏಳಬೇಕು, ಎಲ್ಲಿ ಉಣ್ಣಬೇಕು, ಯಾವ ಗೆರೆ ದಾಟಬಾರದು ಎಂಬುದನ್ನೆಲ್ಲ ಬೇರೆಯವರೇ ತೀರ್ಮಾನಿಸುವ ಜಾಗದಲ್ಲಿ ಒಬ್ಬ ಹುಡುಗನಿಗೆ ತನ್ನದೆನ್ನುವ ಒಂದು ಅಳತೆ ಸಿಕ್ಕಿತು. ಹೋದ ವಾರ ಏಳದಿದ್ದ ಭಾರ ಈ ವಾರ ಎದ್ದಿದೆ, ಅಷ್ಟೆ. ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

ಸಹಿಯ ಮಾತೂ ಆ ಶಿಬಿರದಲ್ಲಿ ಸಣ್ಣದಾಗಿರಲಿಲ್ಲ. 1943ರಲ್ಲಿ ಅಧಿಕಾರಿಗಳು ಶಿಬಿರದ ವಯಸ್ಕರ ಕೈಗೆ ನಿಷ್ಠೆಯ ಪ್ರಶ್ನಾವಳಿಯೊಂದನ್ನು ಕೊಟ್ಟರು. ಅದರ 27ನೆಯ ಪ್ರಶ್ನೆ, ಅಮೆರಿಕದ ಸೇನೆಯಲ್ಲಿ ದುಡಿಯಲು ಸಿದ್ಧನಿದ್ದೀಯಾ ಎಂಬುದು. 28ನೆಯದು, ಅಮೆರಿಕಕ್ಕೆ ನಿಷ್ಠೆ ತೋರಿ ಜಪಾನಿನ ಚಕ್ರವರ್ತಿಗೆ ಇರುವ ನಿಷ್ಠೆಯನ್ನು ತೊರೆಯುತ್ತೀಯಾ ಎಂಬುದು. ಅಮೆರಿಕದಲ್ಲೇ ಹುಟ್ಟಿದವನಿಗೆ ಎಂದೂ ಇಲ್ಲದ ನಿಷ್ಠೆಯನ್ನು ತೊರೆ ಎನ್ನುವುದು ಅವಮಾನ. ಪೌರತ್ವವೇ ಸಿಗದ ಹಿರಿಯನಿಗೆ ಇದ್ದೊಂದು ದೇಶವನ್ನೂ ಬಿಡು ಎನ್ನುವುದು ಗಂಡಾಂತರ. ಎರಡಕ್ಕೂ ‘ಇಲ್ಲ’ ಎಂದವರನ್ನು ಬೇರೆ ಬೇರೆ ಶಿಬಿರಗಳಿಂದ ಟ್ಯೂಲ್ ಲೇಕಿಗೇ ತಂದು ಹಾಕಿದರು. ಕಾವಲು ಹೆಚ್ಚಾಯಿತು, ಟ್ಯಾಂಕುಗಳು ಬಂದವು. ಅಕ್ಕಪಕ್ಕದ ಮನೆಗಳಲ್ಲೇ ಹೌದು-ಇಲ್ಲಗಳ ಜಗಳ ಹತ್ತಿತು. ಕೋನೊ ಕಬ್ಬಿಣ ಎತ್ತಲು ಕಲಿತದ್ದು ಇಂಥ ಗದ್ದಲದ ನಡುವೆ.

ಯುದ್ಧ ಮುಗಿಯಿತು. ಆಮೇಲೆ ಲೋಕದ ನಂಟುಗಳು ಮಗುಚಿಕೊಂಡ ವೇಗ ಬೆರಗು ಹುಟ್ಟಿಸುತ್ತದೆ. 1945ರ ಆಗಸ್ಟಿನಲ್ಲಿ ಸ್ಟಾಲಿನ್ ತಟಸ್ಥತೆಯನ್ನು ಬದಿಗೊತ್ತಿ ಜಪಾನಿನ ಮೇಲೆ ಯುದ್ಧ ಸಾರಿದ. ಐದು ವರ್ಷ ಕಳೆಯುವಷ್ಟರಲ್ಲಿ ಅಮೆರಿಕಕ್ಕೆ ಸೋವಿಯತ್ ಒಕ್ಕೂಟವೇ ದೊಡ್ಡ ಶತ್ರು. 1950ರಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಅಮೆರಿಕದ ಸೇನೆಗೆ ನೆಲೆ, ದುರಸ್ತಿ, ಸರಬರಾಜು ಎಲ್ಲಕ್ಕೂ ಜಪಾನೇ ಬೇಕಾಯಿತು. 1951ರ ಸೆಪ್ಟೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ದಿನ ಅಮೆರಿಕ-ಜಪಾನ್ ಭದ್ರತಾ ಒಪ್ಪಂದಕ್ಕೂ ಸಹಿ ಬಿತ್ತು. ಆಕ್ರಮಣ ಮುಗಿದರೂ ಸೇನಾ ನೆಲೆಗಳು ಉಳಿಯುವ ಈ ಏರ್ಪಾಡನ್ನು ಒಪ್ಪದ ಭಾರತ ಆ ಸಭೆಗೆ ಹೋಗಲಿಲ್ಲ. 1952ರ ಜೂನಿನಲ್ಲಿ ಜಪಾನಿನೊಡನೆ ಬೇರೆಯಾಗಿಯೇ ಶಾಂತಿ ಒಪ್ಪಂದ ಮಾಡಿಕೊಂಡಿತು. ಸೋವಿಯತ್ ಒಕ್ಕೂಟ ಹೋಯಿತು, ಆದರೆ ಸಹಿ ಹಾಕಲಿಲ್ಲ. ಇಂದಿಗೂ ರಷ್ಯಾ ಮತ್ತು ಜಪಾನ್ ನಡುವೆ ಶಾಂತಿ ಒಪ್ಪಂದವಿಲ್ಲ.

ಈ ನಡುವೆ ಸ್ಯಾಕ್ರಮೆಂಟೊಗೆ ಮರಳಿದ್ದ ಕೋನೊ ಎತ್ತುತ್ತಲೇ ಇದ್ದ. ಸೇನೆಯಿಂದ ಕರೆ ಬಂತು. ನಂಬಲಾಗದ ಶತ್ರುವಿನ ಮಗ ಎಂದು ಕೂಡಿಹಾಕಿದ್ದ ಸರ್ಕಾರ ಅವನನ್ನು ಅಡುಗೆಯವನನ್ನಾಗಿ ಕೊರಿಯಾಕ್ಕೆ ಕಳಿಸುವುದರಲ್ಲಿತ್ತು. ಒಲಿಂಪಿಕ್ ಪದಕ ತರಬಲ್ಲ ಆಳು ಎಂದು ತಿಳಿದ ಮೇಲೆ ಕ್ಯಾಲಿಫೋರ್ನಿಯಾದಲ್ಲೇ ಉಳಿಸಿಕೊಂಡಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಹೊಸ ನಕ್ಷೆಯ ಮೊದಲ ಪ್ರದರ್ಶನದಂತಿತ್ತು. ಸೋವಿಯತ್ ಒಕ್ಕೂಟ ಮೊದಲ ಬಾರಿಗೆ ಬಂದಿತ್ತು. 1948ರಲ್ಲಿ ಲಂಡನ್ನಿಗೆ ಕರೆಯಿಲ್ಲದೆ ಹೊರಗುಳಿದಿದ್ದ ಜಪಾನ್ ಮತ್ತು ಜರ್ಮನಿ ಮರಳಿದ್ದವು. 67.5 ಕಿಲೋ ತೂಕದ ವಿಭಾಗದಲ್ಲಿ ಕೋನೊ ಮೂರು ಬಗೆಯ ಎತ್ತುಗಳಲ್ಲಿ ಸೇರಿ 362.5 ಕಿಲೋ ಎತ್ತಿ ಚಿನ್ನ ಗೆದ್ದ. ಬೆಳ್ಳಿ ಪಡೆದವನು ಸೋವಿಯತ್ತಿನ ಯೆವ್ಗೆನಿ ಲೊಪಾತಿನ್. ಇದಕ್ಕೆ ಕೆಲವೇ ವಾರಗಳ ಮುಂಚೆ, ಜೂನ್ 27ರಂದು, ಅಮೆರಿಕದಲ್ಲಿ ಹೊಸ ವಲಸೆ ಕಾನೂನು ಅಂಗೀಕಾರಗೊಂಡು, ಜಪಾನಿನಿಂದ ಬಂದ ಹಿರಿಯರಿಗೂ ಪೌರತ್ವದ ಬಾಗಿಲು ತೆರೆದಿತ್ತು. ಕಾಕತಾಳೀಯವೆಂದರೆ ಅದು ಕೋನೊನ ಇಪ್ಪತ್ತೆರಡನೆಯ ಹುಟ್ಟುಹಬ್ಬ.

ಅಲ್ಲಿಂದ ಮುಂದಿನದು ಎಣಿಕೆಗೆ ಸಿಗುವ ಕಥೆ. 1953ರಿಂದ 1959ರವರೆಗೆ ಆರು ವಿಶ್ವ ಚಾಂಪಿಯನ್‌ಷಿಪ್‌ಗಳು, ನಡುವೆ 1956ರ ಮೆಲ್ಬರ್ನಿನಲ್ಲಿ ಇನ್ನೊಂದು ಒಲಿಂಪಿಕ್ ಚಿನ್ನ. ತಂಡಕ್ಕೆ ಎಲ್ಲಿ ಅಗತ್ಯವೋ ಆ ವಿಭಾಗಕ್ಕೆ ತಕ್ಕಂತೆ ಅವನು ಮೈತೂಕ ಏರಿಸುತ್ತಿದ್ದ, ಇಳಿಸುತ್ತಿದ್ದ. ಹೆಲ್ಸಿಂಕಿಯಲ್ಲಿ 67.5 ಕಿಲೋ, ಮರುವರ್ಷ 75, ಅದರಾಚೆ 82.5, ಆಮೇಲೆ ಮತ್ತೆ 75. ನಾಲ್ಕು ಬೇರೆ ಬೇರೆ ತೂಕದ ವಿಭಾಗಗಳಲ್ಲಿ ವಿಶ್ವದಾಖಲೆ ಬರೆದ ಇನ್ನೊಬ್ಬ ಲಿಫ್ಟರ್ ಇಲ್ಲ. 1955ರ ಬೇಸಗೆಯಲ್ಲಿ ಅಮೆರಿಕದ ತಂಡದೊಡನೆ ಮಾಸ್ಕೋಗೂ ಹೋದ. ಮಾಸ್ಕೋದ ಗೋರ್ಕಿ ಪಾರ್ಕಿನಲ್ಲಿ ಸಾವಿರಾರು ಜನ ಮಳೆಯಲ್ಲೇ ನಿಂತು ಶತ್ರುದೇಶದ ಲಿಫ್ಟರುಗಳಿಗೆ ಚಪ್ಪಾಳೆ ತಟ್ಟಿದರು.

ಇಲ್ಲಿ ಒಂದು ಎಚ್ಚರ ಬೇಕು. ಇಂಥ ಕಥೆಯನ್ನು ಹೇಳುವಾಗ, ನೋಡಿ ಕಷ್ಟವೇ ಅವನನ್ನು ಗಟ್ಟಿ ಮಾಡಿತು ಎಂದು ಮುಗಿಸಿಬಿಡುವ ಚಪಲ ನಮಗೆ. ಅಮೆರಿಕಕ್ಕೂ ಆ ಚಪಲ ಇತ್ತು. ಜಪಾನಿ ಮೂಲದ ಕೋನೊ, ಕಪ್ಪು ಜನಾಂಗದ ಜಾನ್ ಡೇವಿಸ್ ಒಂದೇ ಅಂಗಿ ತೊಟ್ಟು ಸೋವಿಯತ್ತಿನ ಎದುರು ನಿಂತರೆ ಅದು ಶೀತಲ ಸಮರದಲ್ಲಿ ಒಳ್ಳೆಯ ಜಾಹೀರಾತು. ಆದರೆ ಉಬ್ಬಸ ಇಳಿಸಿದ್ದು ಒಣ ಹವೆಯೇ ಹೊರತು ಮುಳ್ಳುತಂತಿಯಲ್ಲ. ಒಂದು ಲಕ್ಷ ಇಪ್ಪತ್ತು ಸಾವಿರ ಜನರಲ್ಲಿ ಒಬ್ಬ ಚಾಂಪಿಯನ್ ಆದ ಎಂಬುದರಿಂದ ಉಳಿದವರು ಕಳೆದುಕೊಂಡ ಅಂಗಡಿ, ತೋಟ, ವರ್ಷಗಳ ಲೆಕ್ಕ ಚುಕ್ತಾ ಆಗುವುದಿಲ್ಲ. ಒಬ್ಬನ ಆತ್ಮಸಂಯಮವನ್ನು ಹೊಗಳುವುದು ಅವನಿಗಾದ ಅನ್ಯಾಯವನ್ನು ಮರೆಯುವ ಸುಲಭದ ದಾರಿ ಆಗಬಾರದು.

ಕೋನೊ ಮಾಸ್ಕೋಗೆ ಹೋದ ಅದೇ 1955ರಲ್ಲಿ, ಟೋಕಿಯೊದಲ್ಲಿ ಮೂವತ್ತು ವರ್ಷದ ಒಬ್ಬ ಕಾದಂಬರಿಕಾರ ಬಾರ್‌ಬೆಲ್ ಹಿಡಿದ. ಅವನು ಯೂಕಿಯೊ ಮಿಶಿಮಾ.

ಇಬ್ಬರ ಬಾಲ್ಯದಲ್ಲಿ ವಿಚಿತ್ರ ಹೋಲಿಕೆಯಿದೆ. ಮಿಶಿಮಾ ಕೂಡ ಬಡಕಲು ಮೈಯ, ಮನೆಯೊಳಗೇ ಬೆಳೆದ ಹುಡುಗ. ಅಜ್ಜಿಯ ಕೋಣೆಯ ನೆರಳಲ್ಲಿ, ಗಂಡುಹುಡುಗರ ಆಟದಿಂದ ದೂರ ಬೆಳೆದವನು. 1945ರ ಆರಂಭದಲ್ಲಿ ಸೇನೆಯ ಕರೆ ಬಂದಾಗ ಅವನಿಗೆ ನೆಗಡಿ ಜ್ವರ. ತಪಾಸಣೆ ಮಾಡಿದ ವೈದ್ಯ ಅದನ್ನು ಕ್ಷಯ ಎಂದು ತಿಳಿದು ವಾಪಸು ಕಳಿಸಿದ. ಅವನ ವಯಸ್ಸಿನವರು ಯುದ್ಧದಲ್ಲಿ ಸತ್ತರು, ಅವನು ಉಳಿದ. ಆಗಸ್ಟ್ 15ರಂದು ಚಕ್ರವರ್ತಿ ರೇಡಿಯೊದಲ್ಲಿ ಶರಣಾಗತಿ ಸಾರಿದ. 1946ರ ಹೊಸವರ್ಷದ ದಿನ, ತಾನು ದೇವರೆಂಬುದು ಹುಸಿ ಕಲ್ಪನೆ ಎಂಬ ಹೇಳಿಕೆಯನ್ನೂ ಹೊರಡಿಸಿದ. ಯಾರಿಗಾಗಿ ಸಾಯಬೇಕೆಂದು ಒಂದು ತಲೆಮಾರಿಗೆ ಕಲಿಸಲಾಗಿತ್ತೋ ಅವನೇ ತಾನು ಮನುಷ್ಯ ಮಾತ್ರ ಎಂದುಬಿಟ್ಟ. ಮಿಶಿಮಾ ಈ ಮಾತನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ವಾರಕ್ಕೆ ಮೂರು ಸಲದಂತೆ, ಸಾಯುವವರೆಗೂ ಅವನು ವ್ಯಾಯಾಮ ತಪ್ಪಿಸಲಿಲ್ಲ ಎನ್ನುತ್ತಾರೆ ಅವನನ್ನು ಬಲ್ಲವರು. ಈ ಅನುಭವದ ಮೇಲೆ ಬರೆದ ‘ಸೂರ್ಯ ಮತ್ತು ಉಕ್ಕು’ ಎಂಬ ದೀರ್ಘ ಪ್ರಬಂಧ 1968ರಲ್ಲಿ ಪುಸ್ತಕವಾಯಿತು. ಅದರ ತಿರುಳು ಇಷ್ಟು: ತನಗೆ ಮೈಗಿಂತ ಮೊದಲು ಮಾತು ಬಂತು. ಮಾತು ಗೆದ್ದಲಿನಂತೆ ಬದುಕನ್ನು ಒಳಗಿನಿಂದ ತಿಂದಿತು. ಉಕ್ಕಿನ ಭಾರ ಮಾತ್ರ ಸುಳ್ಳು ಹೇಳದು. ಅದು ಕೊಟ್ಟ ಮೈಯಿಂದ ತಾನು ಲೋಕವನ್ನು ಮತ್ತೆ ಮುಟ್ಟಿದೆ. ಇಲ್ಲಿಯವರೆಗೆ ಭಾರ ಎತ್ತುವ ಯಾರಾದರೂ ತಲೆದೂಗಬಹುದು. ಆದರೆ ಮಿಶಿಮಾ ಅಲ್ಲಿ ನಿಲ್ಲುವುದಿಲ್ಲ. ಹೀಗೆ ಕಟ್ಟಿದ ಮೈಯನ್ನು ಮುಪ್ಪು ತಿನ್ನಲು ಬಿಡಬಾರದು, ಗಟ್ಟಿಮುಟ್ಟಾಗಿರುವಾಗಲೇ ಅದು ವೀರಮರಣಕ್ಕೆ ಸಲ್ಲಬೇಕು ಎಂಬ ಕಡೆಗೆ ಅವನ ವಾದ ಜಾರುತ್ತದೆ.

ಮೈಯ ಈ ತತ್ತ್ವಕ್ಕೂ ದೇಶದೇಶಗಳ ನಂಟಿಗೂ ಏನು ಸಂಬಂಧ? ಮಿಶಿಮಾನ ಮಟ್ಟಿಗೆ ಎರಡೂ ಒಂದೇ ಆಗಿದ್ದವು. ಜಪಾನಿನ ಸಂವಿಧಾನದ ಒಂಬತ್ತನೆಯ ವಿಧಿ ಯುದ್ಧವನ್ನು ತೊರೆದಿತ್ತು. ಆದರೆ 1954ರಿಂದ ಆತ್ಮರಕ್ಷಣಾ ಪಡೆ ಎಂಬ ಹೆಸರಿನಲ್ಲಿ ಸೇನೆಯೂ ಇತ್ತು. ಅದರ ಹಿಂದೆ ಅಮೆರಿಕದ ರಕ್ಷಣೆಯ ನೆರಳಿತ್ತು. 1957ರಲ್ಲಿ ಪ್ರಧಾನಿಯಾದ ನೊಬುಸುಕೆ ಕಿಶಿಯನ್ನೇ ನೋಡಿ. 1941ರಲ್ಲಿ ಅಮೆರಿಕದ ಮೇಲೆ ಯುದ್ಧ ಸಾರಿದ ಸಂಪುಟದ ಮಂತ್ರಿ ಅವನು. ಸೋಲಿನ ಬಳಿಕ ಯುದ್ಧಾಪರಾಧದ ಶಂಕೆಯ ಮೇಲೆ ಸುಗಾಮೊ ಸೆರೆಮನೆಯಲ್ಲಿದ್ದು, ವಿಚಾರಣೆಯಿಲ್ಲದೆ ಹೊರಬಂದವನು. 1960ರ ಜನವರಿಯಲ್ಲಿ ಅಮೆರಿಕದೊಡನೆ ಭದ್ರತಾ ಒಪ್ಪಂದವನ್ನು ಪರಿಷ್ಕರಿಸಿ ಸಹಿ ಹಾಕಿದವನೂ ಅವನೇ. ಟೋಕಿಯೊದ ಬೀದಿಗಳಲ್ಲಿ ಲಕ್ಷಾಂತರ ಜನ ಪ್ರತಿಭಟಿಸಿದರು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಭೇಟಿ ರದ್ದಾಯಿತು. ಕಿಶಿ ರಾಜೀನಾಮೆ ಕೊಟ್ಟ, ಒಪ್ಪಂದ ಉಳಿಯಿತು. ಎಡಪಂಥೀಯರಿಗೆ ಇದು ಯುದ್ಧಕ್ಕೆ ಎಳೆಯುವ ಒಪ್ಪಂದವಾಗಿ ಕಂಡರೆ, ಮಿಶಿಮಾನಿಗೆ ದೇಶದ ಬೆನ್ನುಮೂಳೆಯನ್ನೇ ತೆಗೆದು ಬೇರೆಯವರ ಆಸರೆಗೆ ಒರಗಿಸಿದ ಏರ್ಪಾಡಾಗಿ ಕಂಡಿತು. ತನ್ನ ಬಡಕಲು ಮೈಯನ್ನು ತಾನು ಕಟ್ಟಿದ ಹಾಗೆ ದೇಶದ ಮೈಯನ್ನೂ ಕಟ್ಟಬಹುದು ಎಂದು ಅವನು ನಂಬಿದ. 1968ರಲ್ಲಿ ಕಾಲೇಜು ಹುಡುಗರನ್ನು ಸೇರಿಸಿ ‘ಗುರಾಣಿ ಸಂಘ’ ಎಂಬ ಖಾಸಗಿ ಪಡೆಯನ್ನು ಕಟ್ಟಿದ.

1970ರ ನವೆಂಬರ್ 25. ಮಿಶಿಮಾ ನಾಲ್ವರು ಅನುಯಾಯಿಗಳೊಡನೆ ಟೋಕಿಯೊದ ಇಚಿಗಾಯಾದಲ್ಲಿದ್ದ ಆತ್ಮರಕ್ಷಣಾ ಪಡೆಯ ಕೇಂದ್ರಕ್ಕೆ ಹೋಗಿ, ಅಲ್ಲಿನ ಮುಖ್ಯಾಧಿಕಾರಿಯನ್ನು ಕುರ್ಚಿಗೆ ಕಟ್ಟಿಹಾಕಿ, ಮೊಗಸಾಲೆಗೆ ಬಂದು ಕೆಳಗೆ ನೆರೆದಿದ್ದ ಸೈನಿಕರನ್ನು ಉದ್ದೇಶಿಸಿ ಮಾತಾಡಿದ. ಈ ಸಂವಿಧಾನವನ್ನು ಬದಲಿಸಲು ಎದ್ದು ಬನ್ನಿ, ಇಲ್ಲದಿದ್ದರೆ ನೀವು ಎಂದೆಂದಿಗೂ ಅಮೆರಿಕದ ಕೂಲಿಪಡೆಯಾಗಿಯೇ ಉಳಿಯುತ್ತೀರಿ ಎಂಬುದು ಅವನು ಹಂಚಿದ ಕರಪತ್ರದ ಸಾರ. ಸೈನಿಕರು ಬೈದರು, ನಕ್ಕರು. ಹೆಲಿಕಾಪ್ಟರಿನ ಸದ್ದಿನಲ್ಲಿ ಮಾತು ಕೇಳಿಸಲೇ ಇಲ್ಲ. ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗಿ ಹೊಟ್ಟೆ ಸೀಳಿಕೊಂಡು ಸತ್ತ. ನಲವತ್ತೈದು ವರ್ಷ. ಜೊತೆಗೆ ಇಪ್ಪತ್ತೈದರ ಒಬ್ಬ ಅನುಯಾಯಿಯೂ ಸತ್ತ.

ಅವನು ನಿಂತಿದ್ದ ಕಟ್ಟಡಕ್ಕೇ ಒಂದು ಚರಿತ್ರೆಯಿದೆ. ಮೊದಲು ಅದು ಚಕ್ರವರ್ತಿಯ ಸೇನೆಯ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಶಾಲೆ. 1946ರಿಂದ 1948ರವರೆಗೆ ಮಿತ್ರರಾಷ್ಟ್ರಗಳು ಜಪಾನಿನ ನಾಯಕರ ವಿಚಾರಣೆ ನಡೆಸಿದ್ದು ಅಲ್ಲೇ. ಎಲ್ಲ ಆರೋಪಿಗಳೂ ನಿರ್ದೋಷಿಗಳು ಎಂದು ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಭಿನ್ನಮತದ ದೀರ್ಘ ತೀರ್ಪು ಬರೆದದ್ದು ಆ ವಿಚಾರಣೆಯಲ್ಲಿಯೇ. ಆಮೇಲೆ ಅದು ಅಮೆರಿಕದ ಮಿತ್ರಪಡೆಯಾದ ಜಪಾನಿ ಸೇನೆಯ ಕಚೇರಿ. ಕಾಲು ಶತಮಾನದಲ್ಲಿ ಒಂದೇ ಗೋಡೆಗಳು ಇಷ್ಟು ಬಣ್ಣ ಕಂಡವು. ಮಿಶಿಮಾ ಸತ್ತು ಎಂಟು ತಿಂಗಳಿಗೆ, 1971ರ ಜುಲೈನಲ್ಲಿ, ತಾನು ಚೀನಾಕ್ಕೆ ಹೋಗುತ್ತೇನೆಂದು ನಿಕ್ಸನ್ ಘೋಷಿಸಿದ. ಮಿತ್ರ ಜಪಾನಿಗೆ ಮೊದಲೇ ಹೇಳುವ ಗೊಡವೆಗೂ ಹೋಗಲಿಲ್ಲ. ಮರುವರ್ಷ ಜಪಾನೂ ಬೀಜಿಂಗಿನೊಡನೆ ನಂಟು ಬೆಳೆಸಿತು. ಯಾವ ನಕ್ಷೆಯ ವಿರುದ್ಧ ಅವನು ಪ್ರಾಣ ಕೊಟ್ಟನೋ ಆ ನಕ್ಷೆಯೇ ತಾನಾಗಿ ಅಲುಗಿತ್ತು, ಅದೂ ಅವನು ಬಯಸಿದ ದಿಕ್ಕಿಗಲ್ಲ.

ಇಬ್ಬರೂ ಎತ್ತಿದ್ದು ಒಂದೇ ಕಬ್ಬಿಣ. ತನ್ನ ಮೇಲೆ ತನಗೆ ಹಿಡಿತ ಎಂಬ ಒಂದೇ ಪಾಠವನ್ನು ಇಬ್ಬರೂ ಕಲಿತರು. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ಒಂದು ವ್ಯತ್ಯಾಸ ಆಟದ ನಿಯಮದಲ್ಲೇ ಇದೆ ಎನಿಸುತ್ತದೆ. ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಪ್ರತಿ ಎತ್ತಿಗೆ ಮೂರು ಅವಕಾಶ. ಮೂವರು ತೀರ್ಪುಗಾರರು. ಎದ್ದಿತೇ ಇಲ್ಲವೇ ಎಂಬುದನ್ನು ಅವರು ಹೇಳಬೇಕೇ ಹೊರತು ಎತ್ತಿದವನಲ್ಲ. ಎಷ್ಟು ದೊಡ್ಡ ಲಿಫ್ಟರ್ ಆದರೂ ನೂರಾರು ಸಲ ಭಾರ ಕೈಬಿಟ್ಟಿರುತ್ತಾನೆ. ಸೋಲು ಅಲ್ಲಿ ದಿನಚರಿಯ ಒಂದು ಭಾಗ, ಮತ್ತು ಸೋತವನು ಮುಂದಿನ ವಾರ ಮತ್ತೆ ಬರುತ್ತಾನೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಕೋನೊ ಸೋವಿಯತ್ತಿನ ಅಲೆಕ್ಸಾಂಡರ್ ಕುರಿನೊವ್‌ಗೆ ಹತ್ತು ಕಿಲೋ ಅಂತರದಲ್ಲಿ ಸೋತು ಬೆಳ್ಳಿಗೆ ಇಳಿದ. ಮೊಣಕಾಲು ನೋಯುತ್ತಿತ್ತು. ಆ ನೋವಿನಿಂದಲೇ ಮೊಣಕಾಲಿಗೆ ತೊಡುವ ರಬ್ಬರ್ ಪಟ್ಟಿಯೊಂದನ್ನು ರೂಪಿಸಿದ. ಅಂಥವನ್ನು ಇಂದು ಜಿಮ್ಮುಗಳಲ್ಲಿ ಎಲ್ಲರೂ ತೊಡುತ್ತಾರೆ. ಮಿಶಿಮಾನ ಉಕ್ಕಿಗೆ ತೀರ್ಪುಗಾರರಿರಲಿಲ್ಲ. ಅಲ್ಲಿದ್ದದ್ದು ಕನ್ನಡಿ, ಕ್ಯಾಮೆರಾ ಮತ್ತು ಒಂದು ಕಲ್ಪನೆ. ಮುಪ್ಪನ್ನೂ ನೋವನ್ನೂ ಸೋಲನ್ನೂ ಒಳಗೆ ಬಿಟ್ಟುಕೊಳ್ಳದ ಹಿಡಿತ ಅದು. ಅಂಥ ಹಿಡಿತಕ್ಕೆ ಕೊನೆಗೆ ಸಾವೊಂದೇ ಹೊಂದುತ್ತದೆ.

ಇನ್ನೊಂದು ವ್ಯತ್ಯಾಸ, ಹಿಡಿತದ ಎಲ್ಲೆ. ಮೈಯನ್ನು ಕಟ್ಟುವ ರೀತಿಯಲ್ಲೇ ದೇಶವನ್ನೂ ಕಟ್ಟಬಹುದೆಂಬುದು ಮಿಶಿಮಾನ ಲೆಕ್ಕ. ಆದರೆ ದೇಶ ಒಂದು ಮೈಯಲ್ಲ. ಅದರಲ್ಲಿ ಕೋಟ್ಯಂತರ ಜನರಿದ್ದಾರೆ, ಅವರಿಗೆ ತಮ್ಮದೇ ಇಚ್ಛೆಗಳಿವೆ. ಒಬ್ಬನ ಸಂಕಲ್ಪಕ್ಕೆ ಅವರೆಲ್ಲ ಸ್ನಾಯುಗಳಂತೆ ಬಗ್ಗುವುದಿಲ್ಲ. ಇಚಿಗಾಯಾದ ಸೈನಿಕರು ನಕ್ಕಾಗ ಅವನಿಗೆ ಎದುರಾದದ್ದು ಈ ಸತ್ಯವೇ. ಕೋನೊ ಹದಿಹರೆಯದಲ್ಲೇ ಇದನ್ನು ಬೇರೆ ದಾರಿಯಲ್ಲಿ ಕಲಿತಿದ್ದ. ಬಾರ್‌ಬೆಲ್ ಅವನ ಕೈಯಲ್ಲಿತ್ತು, ಮುಳ್ಳುತಂತಿ ಅವನ ಕೈಯಲ್ಲಿರಲಿಲ್ಲ.

ಮುಂದೆ ಅವನು ಹವಾಯಿಯಲ್ಲಿ ನೆಲೆಸಿದ. 1968ರಲ್ಲಿ ಮೆಕ್ಸಿಕೊ ತಂಡಕ್ಕೆ, 1972ರಲ್ಲಿ ಪಶ್ಚಿಮ ಜರ್ಮನಿಯ ತಂಡಕ್ಕೆ, 1976ರಲ್ಲಿ ಅಮೆರಿಕದ ತಂಡಕ್ಕೆ ಒಲಿಂಪಿಕ್ ತರಬೇತುದಾರನಾದ. ಮುಪ್ಪಿನಲ್ಲಿ ಬರೆದ ಪುಸ್ತಕದಲ್ಲಿ ಅವನು ಹೆಚ್ಚು ಹೇಳಿದ್ದು ಸ್ನಾಯುವಿನ ಬಗ್ಗೆಯಲ್ಲ, ಭಾರದ ಎದುರು ಮನಸ್ಸನ್ನು ಒಂದೆಡೆ ನಿಲ್ಲಿಸುವ ಬಗ್ಗೆ. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನ ಮೂಲಕ ಅಮೆರಿಕ ಶಿಬಿರಗಳಿಗಾಗಿ ಕ್ಷಮೆ ಕೇಳಿತು. ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ. ಆ ಕ್ಷಮೆ ಯಾರೊಬ್ಬನ ಆತ್ಮಸಂಯಮದಿಂದ ತಾನಾಗಿ ಬಂದದ್ದಲ್ಲ. ಅದಕ್ಕಾಗಿ ಸಮುದಾಯವೊಂದು ವರ್ಷಗಟ್ಟಲೆ ಸಾಕ್ಷ್ಯ ಹೇಳಿ, ಅರ್ಜಿ ಬರೆದು, ಕೋರ್ಟು ಹತ್ತಿ ದುಡಿದಿತ್ತು.

ಕೋನೊ 2016ರ ಏಪ್ರಿಲಿನಲ್ಲಿ, 85ರ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನು ಎದುರಿಸಿ ಗೆದ್ದ, ಎದುರಿಸಿ ಸೋತ ಸೋವಿಯತ್ ಒಕ್ಕೂಟವೆಂಬ ದೇಶವೇ ಇಲ್ಲವಾಗಿ ಕಾಲು ಶತಮಾನ ಕಳೆದಿತ್ತು. ಇವತ್ತೂ ರಾಜಧಾನಿಗಳಲ್ಲಿ ನಂಟುಗಳು ಬದಲಾಗುತ್ತಿವೆ. ಯಾರು ಮಿತ್ರ, ಯಾರು ಶತ್ರು ಎಂಬ ಪಟ್ಟಿ ಮತ್ತೆ ತಿದ್ದಲ್ಪಡುತ್ತಿದೆ. ಎಲ್ಲೋ ಒಂದು ಊರಿನಲ್ಲಿ, ತನ್ನ ಹೆಸರು ಅಥವಾ ಮುಖಚಹರೆಯಿಂದಾಗಿ ಆ ಪಟ್ಟಿಯ ತಪ್ಪು ಬದಿಗೆ ಬಿದ್ದ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಅವರಿಗೆ ಎತ್ತಲು ಒಂದು ಭಾರ ಸಿಗಲಿ ಎಂದು ಹಾರೈಸುವುದು ಒಳ್ಳೆಯದು. ಮುಳ್ಳುತಂತಿ ಕೀಳುವ ಕೆಲಸ ಮಾತ್ರ ಹೊರಗಿರುವ ನಮ್ಮದು.